ಆಂಟೆನಾ ಹಿಡಿದ ಹುಡುಗಿಯ ಮುಖ

ಆ ಚಿತ್ರದಲ್ಲಿ ಮುಖ ಇತ್ತು. ಇರಲಿಲ್ಲ ಎಂದು ನಾನು ಸುಳ್ಳು ಹೇಳಿದೆ. ಆ ಮುಖವನ್ನು ಹಾಳು ಮಾಡಿದವನೂ ನಾನೇ, ಹಾಳಾದದ್ದು ಯಾರಿಗೂ ಗೊತ್ತಾಗದಂತೆ ಒರೆಸಿ ಹಾಕಿದವನೂ ನಾನೇ. ಗಿರಿಜಮ್ಮ ಎಂಬ ವಯಸ್ಸಾದ ಹೆಂಗಸಿನ ಎದುರು, ಆಕೆ ಇದ್ದ ಮನೆಯಲ್ಲೇ ಕೂತು, ಆಕೆ ಕೊಟ್ಟ ಕಾಫಿ ಕುಡಿಯುತ್ತ ಈ ಸುಳ್ಳು ಹೇಳಿದೆ. ಲೋಟ ಖಾಲಿಯಾಗುವವರೆಗೂ ಕುಡಿದೆ — ಅದೂ ನೆನಪಿದೆ.

ನಾನು ಜಯನಗರದವನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹಳೆಯ ಟಿವಿ ಪತ್ರಿಕೆಗಳ ಮುಖಪುಟಕ್ಕೆಂದು ಬರೆದ ಮೂಲ ಚಿತ್ರಗಳನ್ನು ಕೂಡಿಡುವುದು ನನ್ನ ಹುಚ್ಚು. ಪತ್ರಿಕೆಗಳನ್ನಲ್ಲ, ಪತ್ರಿಕೆ ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕೀತು. ನನಗೆ ಬೇಕಾದದ್ದು ಅಚ್ಚಾಗುವ ಮೊದಲು ಕಲಾವಿದ ದಪ್ಪ ರಟ್ಟಿನ ಮೇಲೆ ಪೋಸ್ಟರ್ ಬಣ್ಣದಲ್ಲಿ ಬರೆದುಕೊಟ್ಟ ಚಿತ್ರ, ಜಗತ್ತಿನಲ್ಲಿ ಒಂದೇ ಒಂದು ಇರುವಂಥದ್ದು. ಮನೆಗೆ ಒಂದೇ ಚಾನೆಲ್ ಬರುತ್ತಿದ್ದ ಕಾಲದಲ್ಲಿ, ಮುಂದಿನ ವಾರ ಯಾವ ಹೊತ್ತಿಗೆ ಏನು ಬರುತ್ತದೆ ಎಂದು ತಿಳಿಯಲು ಜನ ಕೊಳ್ಳುತ್ತಿದ್ದ ವಾರಪತ್ರಿಕೆಗಳವು. ಅಚ್ಚಾದ ಮೇಲೆ ಮೂಲ ಚಿತ್ರ ಯಾರಿಗೂ ಬೇಡ. ಪ್ರೆಸ್ಸಿನವರು ಅದನ್ನು ಒಡೆದ ಕಿಟಕಿಗೆ ಅಡ್ಡ ಇಡುತ್ತಿದ್ದರು, ಅದರ ಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ಅಂಥದ್ದನ್ನು ಹುಡುಕಿ ತಂದು ಚೌಕಟ್ಟು ಹಾಕಿಸಿ ನಾನು ಗೋಡೆಗೆ ನೇತುಹಾಕುತ್ತಿದ್ದೆ. ನನ್ನ ಹೆಂಡತಿ ಬದುಕಿದ್ದಾಗ ಬಂದವರಿಗೆಲ್ಲ ನನ್ನನ್ನು ‘ರದ್ದಿ ಮೇಷ್ಟ್ರು’ ಎಂದೇ ಪರಿಚಯ ಮಾಡಿಕೊಡುತ್ತಿದ್ದಳು. ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೊಳಗೆ ಮಾತ್ರ, ಈ ಊರಿನಲ್ಲಿ ಇದರ ಬೆಲೆ ತಿಳಿದವನು ನಾನೊಬ್ಬನೇ ಎಂಬ ಜಂಬ.

ಆ ಪತ್ರಿಕೆಗಳಲ್ಲಿ ಒಂದು ವಾಡಿಕೆ ಇತ್ತು. ಅದನ್ನು ಹೇಳದಿದ್ದರೆ ನನ್ನ ಸುಳ್ಳು ಯಾಕೆ ಅಷ್ಟು ಸಲೀಸಾಗಿ ನಡೆಯಿತು ಎಂಬುದು ನಿಮಗೆ ತಿಳಿಯುವುದಿಲ್ಲ. ಮುಖಪುಟದ ಚಿತ್ರದಲ್ಲಿ ಮೈ, ಬಟ್ಟೆ, ಹಿನ್ನೆಲೆ ಎಲ್ಲವನ್ನೂ ಕಲಾವಿದ ಬರೆಯುತ್ತಿದ್ದ. ಮುಖದ ಜಾಗವನ್ನು ಮಾತ್ರ ಬೆಳ್ಳಗೆ ಬಿಟ್ಟುಬಿಡುತ್ತಿದ್ದ. ಆ ವಾರ ಯಾವ ಧಾರಾವಾಹಿಗೆ ಜನ ಮುಗಿಬಿದ್ದಿದ್ದಾರೋ ನೋಡಿಕೊಂಡು, ಸಂಪಾದಕರು ಕೊನೇ ಗಳಿಗೆಯಲ್ಲಿ ನಟನದೋ ನಟಿಯದೋ ಫೋಟೋದಿಂದ ತಲೆ ಕತ್ತರಿಸಿ ಅಲ್ಲಿ ಅಂಟಿಸುತ್ತಿದ್ದರು. ಯಾರ ಮೈಗೋ ಯಾರದೋ ತಲೆ. ಅಚ್ಚಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಲಾಕ್‌ಡೌನ್‌ಗೆ ಹಿಂದಿನ ಬೇಸಿಗೆಯಲ್ಲಿ, ಮುಚ್ಚಿಹೋಗಿದ್ದ ಒಂದು ಪ್ರೆಸ್ಸಿನ ಸಾಮಾನಿನಲ್ಲಿ ನನಗೆ ಈ ಚಿತ್ರ ಸಿಕ್ಕಿತು. ತಾರಸಿಯ ಮೇಲೆ ಲಂಗ ತೊಟ್ಟ ಹುಡುಗಿಯೊಬ್ಬಳು ಎರಡೂ ಕೈಯಲ್ಲಿ ಟಿವಿ ಆಂಟೆನಾದ ಕಂಬ ಹಿಡಿದು ತಿರುಗಿಸುತ್ತಿದ್ದಾಳೆ. ಕೆಳಗಿನವರನ್ನು ‘ಬಂತಾ?’ ಎಂದು ಕೂಗಿ ಕೇಳುತ್ತಿರುವಂತೆ ಕತ್ತು ಬಾಗಿದೆ. ಗಾಳಿಗೆ ಲಂಗ ಒಂದು ಕಡೆ ಹಾರಿದೆ. ಕತ್ತಿನ ಮೇಲೆ ಮಾತ್ರ ಆ ಕಾಲದ ಬಾಲನಟಿಯೊಬ್ಬಳ ಕಪ್ಪು ಬಿಳುಪು ಫೋಟೋ. ಅದಕ್ಕೆ ಬಣ್ಣ ಹಚ್ಚಿ ಕೂರಿಸಿದ್ದರು. ಮೂಲೆಯಲ್ಲಿ ಚನ್ನಬಸಪ್ಪ ಎಂದು ಸಹಿ.

ಚನ್ನಬಸಪ್ಪನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಹೆಂಡತಿ ಗಿರಿಜಮ್ಮ ಉತ್ತರಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದಾರೆಂದು ಪ್ರೆಸ್ಸಿನ ಹಳಬರೊಬ್ಬರಿಂದ ತಿಳಿಯಿತು. ಹೋದೆ. ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಆಕೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಇದು ಸಿಗುತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ ಮೇಷ್ಟ್ರೇ. ಇದು ನಮ್ಮ ಶೈಲಾ."

ಶೈಲಾ ಅವರ ಒಬ್ಬಳೇ ಮಗಳು. ಮೂಗಿನ ಪಕ್ಕ ಮಚ್ಚೆ, ಕಿವಿಯಲ್ಲಿ ಹಸಿರು ಹರಳಿನ ಓಲೆ ಎಂದು ಗಿರಿಜಮ್ಮ ವರ್ಣಿಸಿದರು. ಹತ್ತು ತುಂಬುವ ಮೊದಲೇ ಕಾಮಾಲೆಯಾಗಿ ಹೋದಳು. ಅವಳದೊಂದು ಫೋಟೋ ಇಲ್ಲ. ತೊಟ್ಟಿಲಿನಲ್ಲಿದ್ದಾಗಿನದು ಒಂದಿದೆ, ಅದರಲ್ಲಿ ಎಲ್ಲ ಕೂಸುಗಳೂ ಒಂದೇ ಥರ. ಆಮೇಲೆ ಫೋಟೋ ತೆಗೆಸೋಣವೆಂದು ಗಿರಿಜಮ್ಮ ಹೇಳಿದಾಗಲೆಲ್ಲ ಗಂಡ, "ಬರೆಯೋಕೆ ನಾನಿದ್ದೀನಲ್ಲ, ಸ್ಟುಡಿಯೋ ಯಾಕೆ?" ಎನ್ನುತ್ತಿದ್ದರಂತೆ. ಪತ್ರಿಕೆಯ ಕೆಲಸ ಮುಗಿಯುತ್ತಿರಲಿಲ್ಲ. ಮಗಳನ್ನು ಬರೆಯುವುದು ಮುಂದಕ್ಕೆ ಹೋಗುತ್ತಲೇ ಇತ್ತು. ಬರೆದದ್ದು ಇದೊಂದೇ. ವಾಡಿಕೆ ಮುರಿದು, ಮುಖದ ಜಾಗ ಖಾಲಿ ಬಿಡದೆ, ಪ್ರೆಸ್ಸಿನಲ್ಲೇ ಕೂತು ಅವಳನ್ನೇ ಪೂರ್ತಿ ಬರೆದು ಕೊಟ್ಟಿದ್ದರಂತೆ; ಗಿರಿಜಮ್ಮ ಅದನ್ನು ನೋಡಿದ್ದು ಅಚ್ಚಾಗಿ ಬಂದ ಮೇಲೆಯೇ. ಸಂಪಾದಕರು ನೋಡಿ ಚೆನ್ನಾಗಿದೆ ಎಂದು, ಅದರ ಮೇಲೆಯೇ ಬಾಲನಟಿಯ ಫೋಟೋ ಅಂಟಿಸಿದ್ದರು. ಆಮೇಲೆ ಮಗು ಸತ್ತಿತು. ಗಂಡ ಸಾಯುವವರೆಗೂ ಹೆಂಡತಿಗೆ ಒಂದೇ ಮಾತು ಹೇಳುತ್ತಿದ್ದರು: ಆ ಫೋಟೋದ ಕೆಳಗೆ ಇದ್ದಾಳೆ ಕಣೇ, ಎಲ್ಲಿದ್ರೂ ಇದ್ದಾಳೆ.

ಫೋಟೋ ತೆಗೆಸಲು ಬಿಡದ ಗಂಡನನ್ನು ಆಕೆ ಕ್ಷಮಿಸಿದ್ದು ಈ ಒಂದು ಮಾತಿನ ಮೇಲೆ. ಇದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಆದರೆ ನನಗೆ ಅರ್ಥವಾಗಿತ್ತು — ಆಗಲೇ ಅರ್ಥವಾಗಿತ್ತು, ಇವತ್ತು ಜಾಣನಾಗಿ ಹೇಳುತ್ತಿಲ್ಲ.

"ಅದನ್ನ ಹಾಗೇ ತನ್ನಿ ಮೇಷ್ಟ್ರೇ. ನೀವು ಬಿಡಿಸೋಕೆ ಹೋಗ್ಬೇಡಿ. ನನ್ನೆದುರಿಗೇ ಆಗ್ಲಿ. ಹಾಳಾದ್ರೂ ನನ್ನೆದುರಿಗೇ ಆಗ್ಲಿ."

ಆಗಲಿ ಎಂದೆ. ಬರುವ ಭಾನುವಾರ ತರುತ್ತೇನೆಂದು ಮಾತು ಕೊಟ್ಟೆ.

ಭಾನುವಾರದವರೆಗೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆಕೆಗೆ ತೊಂದರೆಯಾಗಬಾರದೆಂದು, ಸಿದ್ಧಮಾಡಿಯೇ ಒಯ್ಯೋಣವೆಂದು... ಹೀಗೆಲ್ಲ ನನಗೆ ನಾನೇ ಕತೆ ಹೇಳಿಕೊಂಡದ್ದುಂಟು. ನಿಜ ಅದಲ್ಲ. ಯಾರೂ ನೋಡದ ಒಂದು ಚಿತ್ರ ನನ್ನ ಊಟದ ಮೇಜಿನ ಮೇಲಿತ್ತು. ಅದನ್ನು ಮೊದಲು ನೋಡುವವನು ನಾನಾಗಬೇಕಿತ್ತು. ಇನ್ನೂ ಒಂದಿದೆ. ಆಕೆಯ ಮನೆಗೆ ಹೋದರೆ ಚಿತ್ರ ಅಲ್ಲೇ ಉಳಿಯುತ್ತದೆ. ಹೆತ್ತವಳ ಕೈಯಿಂದ ನಾನು ವಾಪಸ್ಸು ಕೇಳುವುದು ಹೇಗೆ? ಕೊಡುವ ಮುಂಚೆ ಒಂದು ಸಲವಾದರೂ ಅದು ಪೂರ್ತಿ ನನ್ನದಾಗಿರಲಿ ಎಂಬ ಆಸೆ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ.

ಮಧ್ಯಾಹ್ನ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಮುಚ್ಚಳ ಓರೆ ಮಾಡಿ, ಆ ಆವಿಗೆ ಚಿತ್ರವನ್ನು ಹಿಡಿದೆ. ಅಂಟು ಮೆತ್ತಗಾಗುತ್ತದೆ ಎಂಬುದು ನನ್ನ ಲೆಕ್ಕ. ಪೋಸ್ಟರ್ ಬಣ್ಣ ಎಷ್ಟು ವರ್ಷ ಒಣಗಿದ್ದರೂ ನೀರು ತಾಗಿದೊಡನೆ ಮತ್ತೆ ಕರಗುತ್ತದೆ ಎಂಬುದೂ ನನಗೆ ಗೊತ್ತಿತ್ತು. ಜೀವನವಿಡೀ ಹುಡುಗರಿಗೆ ಯಾವುದು ಯಾವುದರಲ್ಲಿ ಕರಗುತ್ತದೆ ಎಂದು ಪಾಠ ಹೇಳಿದವನು ನಾನು. ತಿಳಿಯದೆ ಮಾಡಿದೆ ಎನ್ನುವ ಅನುಕೂಲವೂ ನನಗಿಲ್ಲ. ಸ್ವಲ್ಪವೇ ಆವಿ, ಏನಾಗುತ್ತದೆ ಎಂದುಕೊಂಡೆ.

ಫೋಟೋದ ಅಂಚು ಎದ್ದಿತು. ಉಗುರಿನಿಂದ ಹಿಡಿದು ಮೆಲ್ಲಗೆ ಎಳೆದೆ. ಬಂತು. ಅದರ ಜೊತೆಗೆ ಬಣ್ಣವೂ ಬಂತು.

ಫೋಟೋವನ್ನು ತಿರುಗಿಸಿದೆ. ಅದರ ಬೆನ್ನಿಗೆ ಒಂದು ಮುಖ ಅಂಟಿಕೊಂಡಿತ್ತು. ಹಸಿಹಸಿ, ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿ, ಒಂದು ಕೆನ್ನೆ ಆಗಲೇ ಜಾರುತ್ತಿತ್ತು. ಆದರೂ ಮುಖವೇ. ಬಾಯಿ ತೆರೆದು ನಗುತ್ತಿದ್ದ ಒಬ್ಬಳು ಹುಡುಗಿ. ಅವಳನ್ನು ನಾನು ನೋಡಿದೆ. ಆಮೇಲೆ ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ. ಅದನ್ನು ಇದ್ದ ಜಾಗಕ್ಕೇ ಮತ್ತೆ ಒತ್ತಿದೆ. ಒತ್ತಿದರೆ ಮುಖ ರಟ್ಟಿಗೆ ವಾಪಸ್ಸು ಹೋಗುತ್ತದೆ ಎಂದುಕೊಂಡೆನೇನೋ — ಬುದ್ಧಿ ಇದ್ದವರು ಮಾಡುವ ಕೆಲಸವೇ ಅದು? ಮತ್ತೆ ಎತ್ತಿದಾಗ ಎರಡೂ ಕಡೆ ಕಂದು ಬಣ್ಣದ ರಾಡಿ. ಮುಖ ಎಲ್ಲೂ ಇರಲಿಲ್ಲ.

ಅಷ್ಟಕ್ಕೆ ನಿಲ್ಲಿಸಿ, ಆ ರಾಡಿಯನ್ನೇ ಒಯ್ದು ಆಕೆಯ ಮುಂದಿಟ್ಟು ಕಾಲಿಗೆ ಬಿದ್ದಿದ್ದರೂ ನಾನು ಮನುಷ್ಯನಾಗಿ ಉಳಿಯುತ್ತಿದ್ದೆ. ಹಾಗೆ ಮಾಡಲಿಲ್ಲ. ಹತ್ತಿ ಒದ್ದೆ ಮಾಡಿಕೊಂಡು ರಟ್ಟಿನ ಮೇಲೆ ಉಳಿದಿದ್ದ ಬಣ್ಣವನ್ನೆಲ್ಲ ಒರೆಸಿದೆ. ಕಿವಿಯ ಹತ್ತಿರ, ಕೂದಲಿನ ಅಂಚಿನಲ್ಲಿ, ನಿಧಾನವಾಗಿ, ಬಹಳ ನಾಜೂಕಾಗಿ. ಬೆಳ್ಳಗಿನ ರಟ್ಟು ಕಾಣುವವರೆಗೂ ಒರೆಸಿದೆ. ಫೋಟೋವನ್ನು ಚೂರು ಮಾಡಿ ಕಸಕ್ಕೆ ಹಾಕಿದೆ. ಕೊನೆಗೆ ನೋಡಿದರೆ ಕಲಾವಿದ ವಾಡಿಕೆಯಂತೆ ಮುಖದ ಜಾಗ ಖಾಲಿ ಬಿಟ್ಟ ಹಾಗೇ ಇತ್ತು. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದೆ.

ಭಾನುವಾರ ಹೋದೆ. ಸೆಕೆಗೆ ಫೋಟೋ ತಾನಾಗಿ ಬಿಟ್ಟುಕೊಂಡಿತು ಎಂದೆ. ಆಮೇಲೆ ಆ ಮಾತು:

"ಕೆಳಗೆ ಏನೂ ಇರ್ಲಿಲ್ಲಮ್ಮ. ಬರೀ ಬಿಳೀ ರಟ್ಟು."

ಗಿರಿಜಮ್ಮ ಅಳಲಿಲ್ಲ. ಆ ಬಿಳಿ ಜಾಗದ ಮೇಲೆ ಬೆರಳಾಡಿಸಿದರು. "ಹಾಗಾದ್ರೆ ನಮ್ಮನೆಯವ್ರು ಸುಳ್ಳು ಹೇಳಿದ್ರು," ಎಂದರು. "ಸಾಯೋವಾಗ್ಲೂ ಅದನ್ನೇ ಹೇಳಿದ್ರಲ್ಲ ಮೇಷ್ಟ್ರೇ..." ನಾನು ಕಾಫಿ ಲೋಟ ನೋಡುತ್ತಿದ್ದೆ. ಚಿತ್ರವನ್ನು ನೀವೇ ಇಟ್ಟುಕೊಳ್ಳಿ, ಇದನ್ನು ನಾನು ಏನು ಮಾಡಲಿ ಎಂದರು. ಇಟ್ಟುಕೊಂಡೆ. ಹೌದು, ಅದನ್ನೂ ಇಟ್ಟುಕೊಂಡೆ.

ಆಮೇಲೂ ನಾನು ಆಗಾಗ ಅಲ್ಲಿಗೆ ಹೋಗುತ್ತಿದ್ದೆ. ಹಣ್ಣು ಒಯ್ಯುತ್ತಿದ್ದೆ, ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಒಳ್ಳೆಯವನು ಎನಿಸಿಕೊಂಡೆ. ಗೋಡೆಯ ಮೇಲಿದ್ದ ಚನ್ನಬಸಪ್ಪನವರ ಫೋಟೋ ಒಂದು ದಿನ ಕಾಣಲಿಲ್ಲ; ಸುಣ್ಣ ಹೊಡೆಸಲು ತೆಗೆದಿರಬೇಕು ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಬೇಕಿತ್ತು. ‘ನಮ್ಮನೆಯವ್ರು’ ಎನ್ನುತ್ತಿದ್ದಾಕೆ ‘ಆ ಮನುಷ್ಯ’ ಎನ್ನತೊಡಗಿದರು. ಈ ವರ್ಷ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡುತ್ತ ಏನೋ ಮಾತಿಗೆ ಹೇಳಿದರು: "ಆ ಮನುಷ್ಯ ಹೋದಾಗ ಅಷ್ಟು ಅತ್ತಿದ್ದಕ್ಕೆ ಈಗ ನಾಚಿಕೆ ಆಗುತ್ತೆ ಮೇಷ್ಟ್ರೇ."

ಸತ್ತ ಮಗಳ ಮುಖವನ್ನು ಅಳಿಸಿದ್ದೆ ಎಂದಷ್ಟೇ ಅಲ್ಲಿಯವರೆಗೆ ತಿಳಿದಿದ್ದೆ. ಸತ್ತ ಗಂಡನನ್ನೂ ಆಕೆಯಿಂದ ಕಿತ್ತುಕೊಂಡಿದ್ದೆ. ಅಂದೇ ಹೇಳಬೇಕಿತ್ತು. ಧೈರ್ಯ ಬರಲು ಯುಗಾದಿಯೂ ಕಳೆಯಿತು. ಕೊನೆಗೆ ಒಂದು ಬೆಳಿಗ್ಗೆ ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ ಹೋಗಿ, ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಆಕೆಯ ಎದುರು ಕೂತು ಎಲ್ಲವನ್ನೂ ಹೇಳಿದೆ. ಆವಿ, ಒತ್ತಿದ್ದು, ಹತ್ತಿಯಲ್ಲಿ ಒರೆಸಿದ್ದು, ಎಲ್ಲ. "ನಿಮ್ಮ ಯಜಮಾನ್ರು ಸುಳ್ಳು ಹೇಳ್ಲಿಲ್ಲಮ್ಮ. ಹೇಳಿದ್ದು ನಾನು."

ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾದೆ. ಆಕೆ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ ನನ್ನನ್ನೇ ನೋಡಿದರು. ಆ ನೋಟದಲ್ಲಿ ಕೋಪ ಇರಲಿಲ್ಲ, ಮರುಕ ಇತ್ತು.

"ತಂಗಿ ಏನಾದ್ರೂ ಹೇಳಿ ಕಳಿಸಿದ್ಲಾ? ಅಕ್ಕ ಸರಿಯಾಗಿ ಊಟ ಮಾಡ್ತಿಲ್ಲ, ಸ್ವಲ್ಪ ಸಮಾಧಾನ ಮಾಡಿ ಅಂತ?"

ಇಲ್ಲ ಎಂದೆ. ಆಣೆ ಮಾಡಿದೆ. ಹುಡುಗಿಯ ಮೂಗಿನ ಪಕ್ಕದ ಮಚ್ಚೆ, ಕಿವಿಯ ಹಸಿರು ಹರಳಿನ ಓಲೆ, ಎಲ್ಲ ಹೇಳಿದೆ. "ಅದೆಲ್ಲ ನಾನೇ ಹೇಳಿದ್ದಲ್ವಾ ನಿಮ್ಗೆ, ಮೊದಲ ಸಲ ಬಂದಾಗ," ಎಂದರು. ಹೌದು, ಆಕೆಯೇ ಹೇಳಿದ್ದರು. ಆಕೆ ಹೇಳದ ಯಾವುದಾದರೂ ಒಂದು ನನಗೆ ಬೇಕಿತ್ತು. ಒಂದೇ ಒಂದು ಸಿಕ್ಕಿತು.

"ನಗ್ತಿದ್ಲಮ್ಮ. ಬಾಯಿ ತೆಗೆದು, ಹಲ್ಲೆಲ್ಲ ಕಾಣೋ ಹಾಗೆ ನಗ್ತಿದ್ಲು."

ಗಿರಿಜಮ್ಮ ತಲೆ ಅಲ್ಲಾಡಿಸಿದರು. "ನಮ್ಮ ಶೈಲಾ ಯಾವತ್ತೂ ಹಾಗೆ ನಗ್ತಿರ್ಲಿಲ್ಲ. ಮುಂದಿನ ಹಲ್ಲು ಒಂದರ ಮೇಲೊಂದು ಬಂದಿತ್ತು, ಸ್ಕೂಲಲ್ಲಿ ಆಡ್ಕೊಳ್ತಿದ್ರು. ನಗು ಬಂದ್ರೆ ಕೈ ಅಡ್ಡ ಇಟ್ಕೊಳ್ತಿದ್ಲು. ಹೆತ್ತ ತಾಯಿ ನಾನೇ ನೋಡಿಲ್ಲ."

"ಎರಡೂ ಕೈ ಕಂಬದ ಮೇಲಿತ್ತಲ್ಲಮ್ಮ. ಅಡ್ಡ ಇಟ್ಕೊಳ್ಳೋಕೆ ಕೈ ಎಲ್ಲಿತ್ತು?"

ಒಂದು ಗಳಿಗೆ — ಒಂದೇ ಒಂದು ಗಳಿಗೆ ಆಕೆಯ ಮುಖದಲ್ಲಿ ಏನೋ ಕದಲಿತು. ಹಲ್ಲು ಹೇಗಿತ್ತು ಹೇಳಿ ನೋಡೋಣ ಎಂದು ಆಕೆ ಆಗ ಕೇಳಿದ್ದರೆ ಹೇಳಲು ನನಗೆ ಗೊತ್ತಿರಲಿಲ್ಲ. ಅಷ್ಟು ನೋಡುವಷ್ಟು ಹೊತ್ತು ಆ ಮುಖವನ್ನು ನಾನು ಉಳಿಸಿರಲಿಲ್ಲ. ಆಕೆ ಕೇಳಲೂ ಇಲ್ಲ. ನನ್ನ ಕೈಯನ್ನು ಮೆಲ್ಲಗೆ ತಟ್ಟಿ, ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು.

"ಎಷ್ಟು ಚೆನ್ನಾಗಿ ಹೊಂದಿಸ್ಕೊಂಡು ಬಂದಿದ್ದೀರ. ಬೇಡಿ ಮೇಷ್ಟ್ರೇ, ನನಗೋಸ್ಕರ ಇಷ್ಟೆಲ್ಲ ಮಾಡ್ಬೇಡಿ. ಸುಳ್ಳು ಹೇಳೋದು ನಿಮ್ಗೆ ಬರಲ್ಲ."

ಇಲ್ಲಿ ಬರೆದದ್ದನ್ನು ನೀವು ನಂಬಬಹುದು. ನೀವು ನಂಬಿದರೆ ಆಕೆಗೆ ಏನೂ ಸಿಗುವುದಿಲ್ಲ.