ಅತ್ತೆಯ ಕೈಗೆ ಹಸಿರು ಬಳೆ

ಇಂಡಿ ಕಡೆಯ ಲಿಂಬೆ ತೋಟಗಳಲ್ಲಿ ನನ್ನ ಅತ್ತೆಯಷ್ಟು ಬೇಗ ಚೀಲ ತುಂಬುವವರು ಇರಲಿಲ್ಲ. ಅವಳು ಅಪ್ಪನ ಅಕ್ಕ. ಗಂಡ ಸತ್ತು ತವರಿಗೆ ಬಂದವಳೆಂದು ನನಗೆ ಹೇಳಿದ್ದರು. ಬರಿಗೈ, ಹಣೆಗೆ ವಿಭೂತಿ ಅಷ್ಟೇ. ಅವಳು ತೀರಿಕೊಂಡ ವರ್ಷವೇ ನಾನು ಶಾಲೆ ಬಿಟ್ಟೆ. ಇಂದು ಝಳಕಿಯ ಹೆದ್ದಾರಿಯಲ್ಲಿ ಸ್ವಂತ ಪಂಕ್ಚರ್ ಅಂಗಡಿ ಇಟ್ಟು, ಯಾರ ಮುಂದೂ ಕೈಯೊಡ್ಡದೆ ಬದುಕಿದ್ದೇನೆ. ಆ ದುಡಿಮೆ ಅವಳು ಕಲಿಸಿದ್ದು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವಳು ತೋಟದಲ್ಲೇ ಕುಸಿದು ಸತ್ತಳು. ಹೆಣವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಅಜ್ಜಿ ನನ್ನನ್ನು ಕರೆದಳು.

“ತಮ್ಮಾ, ಪ್ಯಾಟಿಗೆ ಹೋಗಿ ಹಸಿರು ಬಳಿ ತಾ. ಮುತ್ತೈದಿ ಬರಿಗೈಲೆ ಹೋಗಬಾರ್ದು.”

“ಮುತ್ತೈದೀ? ಮಾವ ಸತ್ತಾನಲ್ಲ?”

“ಎಲ್ಲಿ ಸತ್ತಾನ? ಸಿಂದಗ್ಯಾಗ ಗುಂಡುಕಲ್ಲಿನಂಗ ಅದಾನ. ಇನ್ನೊಬ್ಬಾಕಿನ್ನ ಮನಿಗೆ ತಂದ. ಈಕಿ ಬಂದು ನಮ್ಮ ಹೊಸ್ತಿಲಕ್ಕ ಬಳಿ ಒಡಕೊಂಡು ‘ನನ್ನ ಪಾಲಿಗೆ ಅವ ಸತ್ತ’ ಅಂದ್ಲು. ನಾವೂ ಹಂಗ ಹೇಳ್ಕೋತ ಬಂದ್ವಿ.”

“ಅವಗ ಫೋನ್ ಹಚ್ಚೀರೇನು?”

“ಹಚ್ಚೇವಿ. ಎತ್ತವಲ್ಲ.”

“ಮತ್ತ ಬಳಿ ಆಕೀಗಿ ಬ್ಯಾಡಾಗಿದ್ವಲ್ಲಬೇ.”

“ಮೀಸಿ ಮೂಡಿಲ್ಲ, ನನಗ ಬುದ್ಧಿ ಹೇಳ್ತಿ! ನಡಿ.”

ಅಪ್ಪನ ಕಡೆ ನೋಡಿದೆ. ಅವನು ವಿಭೂತಿ ಕಲಸುತ್ತಿದ್ದ.

ಹಸಿರು ಬಳೆ ಕೇಳಿದ್ದಕ್ಕೆ ಬಳೆ ಅಂಗಡಿಯವಳು ನಕ್ಕಳು. “ಯಾರ ಮದಿವ್ಯೋ ಸಾವ್ಕಾರಾ? ಅಳತಿ ಹೇಳು.”

“ಗೊತ್ತಿಲ್ರಿ. ನಮ್ಮತ್ತಿ ಬಳಿ ಇಡ್ತಿದ್ದಿಲ್ರಿ.”

“ಇಡಲಾರದಾಕಿಗೆ ಯಾಕೋ ಮಾರಾಯಾ?”

“ಸತ್ತಾಳ್ರಿ.”

ಅವಳು ಅಂದಾಜಿನ ಮೇಲೆ ಕಟ್ಟಿ ಕೊಟ್ಟಳು.

ಬಳೆ ಸಣ್ಣವಾದವು. ಲಿಂಬೆ ಮುಳ್ಳು ಗೀರಿ ಗೀರಿ ಗಟ್ಟಿಯಾದ ದುಡಿಮೆಯ ಕೈ ಅದು, ಸಾಲದ್ದಕ್ಕೆ ಸೆಟೆದುಕೊಂಡಿತ್ತು. ಅಜ್ಜಿ ಎಣ್ಣೆ ಹಚ್ಚಿದಳು. “ಬೆರಳು ಒತ್ತಿ ಹಿಡಿಯೋ,” ಎಂದಳು. ಹಿಡಿದೆ. ಎರಡು ಒಡೆದವು, ಉಳಿದವು ಏರಿದವು. ಜೀವವಿದ್ದಾಗ ಹೀಗೆ ಯಾರಾದರೂ ಕೈ ಹಿಡಿದಿದ್ದರೆ ಅತ್ತೆ ಓಣಿ ತುಂಬ ಕೇಳುವಂತೆ ಬೈಯುತ್ತಿದ್ದಳು. ಅಂದು ಅವಳ ಪರವಾಗಿ ಬೈಯಲು ನನ್ನ ಬಾಯಿ ಏಳಲಿಲ್ಲ. ಓಣಿಯ ಹೆಂಗಸರು ಅತ್ತರು. “ಪುಣ್ಯವಂತಿ, ಮುತ್ತೈದಿಯಾಗಿ ಹೊಂಟ್ಲು,” ಎಂದರು. ಅಂದರೆ ಓಣಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಕುಣಿಯಲ್ಲಿ ಕೂರಿಸಿದ ಮೇಲೆ ಒಬ್ಬೊಬ್ಬರಾಗಿ ಬಂದು ಹಿಡಿ ಮಣ್ಣು ಕೊಟ್ಟರು. ನನ್ನ ಪಾಳಿ ಬಂದಾಗ ನಾನು ಮಣ್ಣನ್ನು ಅವಳ ತೊಡೆಯ ಮೇಲಿದ್ದ ಕೈಗಳ ಮೇಲೇ ಹಾಕಿದೆ. ಹಸಿರು ಇನ್ನೂ ಕಾಣುತ್ತಿತ್ತು. ಮತ್ತೊಂದು ಹಿಡಿಗೆ ಬಗ್ಗಿದೆ. ಅಪ್ಪ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ.

“ಸಾಕ್ ಬಾ. ಹಿಂದ ಮಂದಿ ನಿಂತಾರ.”