ದೋಣಿಯ ಮೇಲಿನ ಮಾಳ

ಲಿಂಗನಮಕ್ಕಿಯಲ್ಲಿ ನೀರು ನಿಂತ ಮೇಲೆ ಬ್ಯಾಕೋಡಿನ ಕಡೆಯ ನಮ್ಮ ಊರಿನಿಂದ ಸಾಗರಕ್ಕೆ ಹೋಗಲು ದೋಣಿಯೊಂದೇ ಗತಿಯಾಯಿತು. ಕಡಿಯದೆ ಬಿಟ್ಟ ಕಾಡು ನೀರಿನೊಳಗೆ ಹಾಗೇ ನಿಂತಿತ್ತು. ಮರದ ತುದಿಗಳು ಗೇಣುದ್ದ ನೀರಿನ ಕೆಳಗಿರುತ್ತಿದ್ದವು. ಕೂತು ಹುಟ್ಟು ಹಾಕುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ನಮ್ಮ ಪುಟ್ಟ ದೋಣಿಯ ತಳ ಎರಡು ಸಲ ಸೀಳಿತ್ತು.

ಎತ್ತರದಲ್ಲಿ ನಿಂತರೆ ಆ ತುದಿಗಳು ಕಪ್ಪಗೆ ಕಾಣುತ್ತವೆ ಎಂದು ನನ್ನ ಗಂಡನಿಗೆ ಹೊಳೆಯಿತು. ಗದ್ದೆಯಲ್ಲಿ ಹಂದಿ ಕಾಯಲು ಕಟ್ಟುವ ಅಟ್ಟಣೆಯಂಥ ಮಾಳವನ್ನೇ ಬಿದಿರಿನಲ್ಲಿ ಆಳೆತ್ತರ ಮಾಡಿ ದೋಣಿಯ ನಡುವೆ ಕಟ್ಟಿದರು. ಮನೆಯಲ್ಲಿ ಹಗುರ ಇದ್ದವಳು ನಾನು. ಮೇಲೆ ನಿಲ್ಲುವ ಕೆಲಸ ನನಗೆ ಬಂತು.

"ಮೇಲೆ ಭಾರ ಏರಿಸಿದ್ರೆ ದೋಣಿ ಮಗುಚ್ತದೆ ಮಾರಾಯ," ಎಂದರು ಅತ್ತೆ.

"ಅದಕ್ಕೇ ತಳಕ್ಕೆ ಕಲ್ಲು ಹಾಕಿದೀನಿ," ಎಂದರು ಇವರು.

ಕಲ್ಲಿದ್ದಾಗ ದೋಣಿ ನಿಜಕ್ಕೂ ಅಲುಗುತ್ತಿರಲಿಲ್ಲ. ಆದರೆ ಅಷ್ಟು ಭಾರಕ್ಕೆ ಅದರ ಅಂಚು ನೀರಿನಿಂದ ನಾಲ್ಕೇ ಬೆರಳು ಮೇಲಿರುತ್ತಿತ್ತು. ನಮ್ಮಿಬ್ಬರಿಗೆ ಸಾಕು, ಮೂರನೆಯವರು ಹತ್ತುವಂತಿರಲಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನಾದಿನಿಗೆ ನೋವು ಶುರುವಾಗಿ ಎರಡು ದಿನವಾದರೂ ಮಗು ಬರಲಿಲ್ಲ. "ನನ್ನ ಕೈಲಿ ಆಗಲ್ಲ, ಆಸ್ಪತ್ರೆಗೆ ಒಯ್ದುಬಿಡಿ," ಎಂದು ಬೆಳಿಗ್ಗೆ ಸೂಲಗಿತ್ತಿ ಹೇಳಿಬಿಟ್ಟಳು. ಇವರು ಕಲ್ಲುಗಳನ್ನೆಲ್ಲ ದಡಕ್ಕೆ ಎಸೆದರು. ಕಲ್ಲಿದ್ದ ಜಾಗದಲ್ಲಿ ನಾದಿನಿಯನ್ನು ಮಲಗಿಸಿದೆವು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಮಾಳ ಬಿಚ್ಚಿಬಿಡಿ," ಎಂದೆ ನಾನು.

"ಬಿಚ್ಚಿದ್ರೆ ಮರ ಯಾರು ನೋಡ್ತಾರೆ? ಅವಳು ಮಿಸುಕದೆ ಮಲಗಿದ್ರೆ ಏನೂ ಆಗಲ್ಲ," ಎಂದರು ಇವರು.

ನೋವು ತಿನ್ನುತ್ತಿರುವವಳಿಗೆ ಮಿಸುಕಬೇಡ ಎನ್ನುವುದು ಹೇಗೆ? ಒಂದೊಂದು ನೋವಿಗೂ ಅವಳು ಬಿಲ್ಲಿನಂತೆ ಬಾಗುತ್ತಿದ್ದಳು. ಕೆಳಗೆ ದೋಣಿ ಗೇಣು ವಾಲಿದರೆ ಮೇಲೆ ನಾನು ಮಾರುದ್ದ ತೂಗುತ್ತಿದ್ದೆ. ಕಾಲ ಕೆಳಗೆ ದೋಣಿಯೇ ಇರುತ್ತಿರಲಿಲ್ಲ, ಬರೀ ನೀರು. ಬಿದಿರನ್ನು ತಬ್ಬಿಕೊಂಡು "ಎಡಕ್ಕೆ, ಬಲಕ್ಕೆ" ಎಂದು ಕೂಗುತ್ತಲೇ ಇದ್ದೆ.

ಅರ್ಧ ದಾಟಿದ ಮೇಲೆ ಗಾಳಿ ಎದ್ದಿತು. ಒಮ್ಮೆ ವಾಲಿದ ದೋಣಿ ತಾನಾಗಿ ಏಳಲಿಲ್ಲ. ನೀರು ಅಂಚು ದಾಟಿ ನಾದಿನಿಯ ಮೈಮೇಲೆ ಸುರಿಯಿತು. ಅತ್ತೆ ಇನ್ನೊಂದು ಮಗ್ಗುಲಿಗೆ ಒರಗಿದ ಮೇಲೆ ದೋಣಿ ನಿಧಾನಕ್ಕೆ ನೇರವಾಯಿತು.

"ಇಳಿ," ಎಂದರು ಇವರು.

ನಾನು ಬಿದಿರು ಹಿಡಿದು ಜಾರಿದೆ. ಅವರು ಕತ್ತಿಯಿಂದ ಕಟ್ಟುಗಳನ್ನು ಕೊಯ್ದರು. ಇಬ್ಬರೂ ಸೇರಿ ಮಾಳವನ್ನು ನೀರಿಗೆ ದೂಡಿದೆವು. ಆಮೇಲೆ ನಾನು ದೋಣಿಯ ಮೂತಿಯಲ್ಲಿ ಬೋರಲು ಮಲಗಿ, ಕೋಲಿನಿಂದ ನೀರು ತಡವುತ್ತ ದಾರಿ ಹೇಳಿದೆ. ಆಮೆಯಂತೆ ಸಾಗಿದೆವು.

"ಅತ್ತಿಗೆ, ದಡ ಕಾಣ್ತದಾ?" ಎಂದಳು ನಾದಿನಿ.

"ಕಾಣ್ತದೆ, ಬಂದೇಬಿಡ್ತು," ಎಂದೆ. ನಾನು ತಲೆ ಎತ್ತಿಯೇ ಇರಲಿಲ್ಲ.

ದಡ ಮುಟ್ಟಿದಾಗ ಹೊತ್ತು ಇಳಿದಿತ್ತು. ಅಲ್ಲಿಂದ ಗಾಡಿಯಲ್ಲಿ ಸಾಗರ. ಡಾಕ್ಟರು ನಾದಿನಿಯನ್ನು ಉಳಿಸಿದರು. ಮಗು ಹೊಟ್ಟೆಯೊಳಗೇ ತೀರಿಹೋಗಿತ್ತು. "ಇಷ್ಟು ತಡ ಯಾಕೆ ಮಾಡಿದ್ರಿ?" ಎಂದು ಕೇಳಿದರು.

ಮರುದಿನ ನಾದಿನಿ ನನ್ನ ಕೈ ಹಿಡಿದು, "ನಾನು ಹೊರಳಾಡದೆ ಇದ್ದಿದ್ರೆ ಬೇಗ ಬರ್ತಿದ್ವಲ್ಲ ಅತ್ತಿಗೆ," ಎಂದಳು. ಹಾಗಲ್ಲ ಎಂದು ಎಷ್ಟು ಹೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ವಾರದ ಮೇಲೆ ಹೊಸನಗರದಿಂದ ಅವಳ ಗಂಡ ಬಂದು ಆಸ್ಪತ್ರೆಯಿಂದಲೇ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಮುಂದೆ ಅವಳಿಗೆ ಎರಡು ಹೆರಿಗೆಯಾದವು, ಎರಡೂ ಗಂಡನ ಮನೆಯಲ್ಲೇ. ಅತ್ತೆ ಎಷ್ಟು ಕರೆದರೂ ಅವಳು ನೀರು ದಾಟಿ ಬರಲಿಲ್ಲ.