ಸಂಕರ್ಷಣ ಅವರ ಪಂಚಾಂಗದಲ್ಲಿದ್ದ ವಾರಂಟಿ ದಿನಗಳು

ಮುಳಬಾಗಿಲಿನ ಸಂಕರ್ಷಣ ಅವರು ಒಳ್ಳೆಯವರು ಎಂದು ಈಗ ಹೇಳುತ್ತೇನೆ. 2004ರ ಬೇಸಿಗೆಯಲ್ಲಿ ಕೇಳಿದ್ದರೆ, ಆ ಹೆಸರನ್ನು ನನ್ನೆದುರು ಎತ್ತಬೇಡಿ ಎನ್ನುತ್ತಿದ್ದೆ.

ಅವರ ತಂದೆ ಪುರೋಹಿತರು. ಯಾವ ಮನೆಯಲ್ಲಿ ಯಾರ ಶ್ರಾದ್ಧ ಯಾವ ತಿಥಿಗೆ ಎಂಬುದನ್ನು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟುಕೊಂಡು, ಒಂದು ವಾರ ಮುಂಚೆಯೇ ಹೋಗಿ ನೆನಪಿಸಿ ಬರುತ್ತಿದ್ದರಂತೆ. ಮಗ ಕೋಲಾರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ತೆರೆದರು, ಆದರೆ ಪಂಚಾಂಗ ಬಿಡಲಿಲ್ಲ. ಜೋಡಿಸಿದ ಕಂಪ್ಯೂಟರಿನ ಒಳಗೆ ಒಂದೊಂದು ಭಾಗ ಒಂದೊಂದು ಕಂಪನಿಯದು. ಪವರ್ ಸಪ್ಲೈಗೆ ಒಂದು ವರ್ಷದ ವಾರಂಟಿ, ಮದರ್‌ಬೋರ್ಡಿಗೂ ಹಾರ್ಡ್ ಡಿಸ್ಕಿಗೂ ಮೂರು ವರ್ಷ. ಕೊಂಡವರಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ? ಬಿಲ್ಲು ಇಲಿಗಳ ಪಾಲಾಗಿರುತ್ತದೆ. ಸಂಕರ್ಷಣ ಅವರು ಆ ದಿನಗಳನ್ನೆಲ್ಲ ಪಂಚಾಂಗದಲ್ಲಿ ಗುರುತು ಹಾಕಿಕೊಂಡು, ಮುಗಿಯುವ ಮೊದಲೇ ಬಸ್ಸು ಹತ್ತಿ ಗಿರಾಕಿಯ ಮನೆಗೆ ಬಂದು ಪರೀಕ್ಷಿಸುತ್ತಿದ್ದರು. ಕೆಟ್ಟಿದ್ದರೆ ಬೆಂಗಳೂರಿಗೆ ಒಯ್ದು ಬದಲಿ ತರುತ್ತಿದ್ದರು. ಒಂದು ವಾರಂಟಿಯೂ ದಂಡವಾಗಲು ಬಿಟ್ಟಿಲ್ಲ ಎಂಬುದು ಅವರ ಹೆಮ್ಮೆ.

ಶ್ರೀನಿವಾಸಪುರದ ನಮ್ಮ ಮಾವಿನ ನರ್ಸರಿಗೆ ಅವರು ಕಂಪ್ಯೂಟರ್ ತಂದು ಹಾಕಿದ್ದು 2001ರ ಮೇ ತಿಂಗಳಲ್ಲಿ. ಕಸಿ ಕಟ್ಟುವುದರಲ್ಲಿ ನಮ್ಮ ತಾತ ಪೆದ್ದಪ್ಪ ಎತ್ತಿದ ಕೈ. ಆಗಲೇ ಅವನ ಕಣ್ಣು ಮಂಜಾಗಿತ್ತು. ಆದರೂ ಒಂದೆಲೆ ಕೈಗೆ ಕೊಟ್ಟರೆ ಕಿವುಚಿ, ಮೂಸಿ, ಯಾರ ಹೊಲದ ಯಾವ ಮರ ಎಂದು ಹೇಳುತ್ತಿದ್ದ. ವೈರು ಜೋಡಿಸುತ್ತಿದ್ದ ಸಂಕರ್ಷಣ ಅವರು ಕೆಲಸ ನಿಲ್ಲಿಸಿ ಅದನ್ನೇ ನೋಡುತ್ತ ನಿಂತಿದ್ದರು.

ತಾತ ಕಸಿಗೆ ಕಡ್ಡಿ ತರುತ್ತಿದ್ದ ತಾಯಿಮರಗಳು ಅರವತ್ತನಾಲ್ಕು. ಎಲ್ಲವೂ ಹಳೆಯ ನಾಟಿ ಮರಗಳು, ಸುತ್ತಲಿನ ಊರುಗಳಲ್ಲಿ ಯಾರು ಯಾರದೋ ಹೊಲಗಳಲ್ಲಿದ್ದವು. ಯಾವುದರ ಕಾಯಿ ಉಪ್ಪಿನಕಾಯಿಗೆ, ಯಾವುದರ ಹಣ್ಣು ಆಷಾಢದವರೆಗೆ ನಿಲ್ಲುತ್ತದೆ ಎಂಬುದು ಅವನೊಬ್ಬನಿಗೇ ಗೊತ್ತು. ಅವನು ಹೇಳಿದ, ನಾನು ಟೈಪ್ ಮಾಡಿದೆ. ಎರಡು ವರ್ಷ ಹಿಡಿಯಿತು. ಅದು ಮುಗಿದ ಮೇಲೆ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಣ್ಣು ಪೂರ್ತಿ ಹೋಯಿತು. ಮರಗಳ ಹೆಸರು ಹೇಳು ಎಂದರೆ ನಾಲ್ಕು ಹೇಳಿ ಸುಮ್ಮನಾಗುತ್ತಿದ್ದ. ಹೋಗಲಿ, ಕಂಪ್ಯೂಟರಿನಲ್ಲಿದೆಯಲ್ಲ ಎಂದುಕೊಂಡೆ. ಒಂದು ಪ್ರಿಂಟು ತೆಗೆದಿಡುವಷ್ಟು ಬುದ್ಧಿ ನನಗಿರಲಿಲ್ಲ.

2004ರ ಮೇ ತಿಂಗಳ ಹೊತ್ತಿಗೆ ಡಿಸ್ಕು ಟಕ್ ಟಕ್ ಎನ್ನತೊಡಗಿತು. ಮೂರು ಸಲ ಆನ್ ಮಾಡಿದರೆ ಒಂದು ಸಲ ನಡೆಯುತ್ತಿತ್ತು. ವಾರಂಟಿ ಮುಗಿಯಲು ಎರಡು ವಾರ ಇರುವಾಗ ಸಂಕರ್ಷಣ ಅವರು ಎಂದಿನಂತೆ ಬಂದರು. ಮಾವಿನ ಸುಗ್ಗಿ, ನಾನು ಮಂಡಿಯಲ್ಲಿದ್ದೆ. ಡಿಸ್ಕು ಬದಲಿಸಿ ತರಲೇ ಎಂದು ಅವರು ಫೋನು ಮಾಡಿದಾಗ, "ನಿಮಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ ಮಾಡಿ ಸಾರ್" ಎಂದುಬಿಟ್ಟೆ. ಮೂರನೇ ದಿನ ಹೊಸ ಡಿಸ್ಕು ಹಿಡಿದು ಬಂದರು. ಮುಖ ಅರಳಿತ್ತು.

"ಹೊಸಾದೇ ಕೊಟ್ರು. ಆದ್ರೆ ಇದಕ್ಕೆ ಬೇರೆ ವಾರಂಟಿ ಇಲ್ಲಮ್ಮ. ಹಳೇದರಲ್ಲಿ ಉಳಿದಿದ್ದ ಹನ್ನೊಂದು ದಿನ ಅಷ್ಟೇ."

"ಒಳಗಿದ್ದ ಮರಗಳ ಪಟ್ಟಿ?" ಎಂದೆ.

"ಬೇರೆ ಕಾಪಿ ಇಲ್ವಾ?"

"ಇಲ್ಲ. ಹಳೇ ಡಿಸ್ಕ್ ಎಲ್ಲಿ ಸಾರ್?"

"ಅದನ್ನ ಕೊಟ್ರೇನೇ ಇದನ್ನ ಕೊಡೋದು. ಅದು ಕಂಪನಿಗೆ ಹೋಗುತ್ತೆ. ವಾಪಸ್ ಬರಲ್ಲ."

ಅವರು ಅಲ್ಲೇ ಜಗಲಿಯ ಮೇಲೆ ಕೂತರು. ಯಾರೂ ಕೇಳದಿದ್ದರೂ ಹೇಳಿದರು: "ಮೊದಲನೇ ದಿನ ಒಂದ್ಸಲ ಆನ್ ಆಗಿತ್ತು. ಆಗ್ಲೇ ಕಾಪಿ ಮಾಡ್ಕೋಬಹುದಿತ್ತು. ನನ್ನ ತಲೇಲಿ ವಾರಂಟಿ ಒಂದೇ ಇತ್ತು."

ನಾನು ಬೈದೆ. ವಯಸ್ಸಿನಲ್ಲಿ ಹಿರಿಯರು ಎಂದೂ ನೋಡಲಿಲ್ಲ. ಅವರು ಮಾರನೆಯ ದಿನ ಮೊದಲ ಬಸ್ಸಿಗೆ ಬೆಂಗಳೂರಿಗೆ ಓಡಿದರಂತೆ. ಕೆಟ್ಟ ಡಿಸ್ಕುಗಳ ಪೆಟ್ಟಿಗೆ ಆಗಲೇ ಹೊರಟುಹೋಗಿತ್ತು. ಅದನ್ನು ಹೇಳಲು ಫೋನು ಮಾಡಿದರು. ನಾನು ಫೋನಿಟ್ಟೆ. ತಪ್ಪಿನಲ್ಲಿ ಅರ್ಧ ನನ್ನದು ಎಂದು ಗೊತ್ತಿದ್ದುದರಿಂದಲೇ ಅಷ್ಟು ಕೋಪ ಬಂದಿತ್ತು.

ಆಷಾಢದಲ್ಲಿ ಒಂದು ಭಾನುವಾರ ಅವರು ಮತ್ತೆ ಬಂದರು. ಪಂಚೆಯ ಅಂಚಿನ ತುಂಬ ಕೆಂಪು ಮಣ್ಣು. ನನ್ನನ್ನು ಮಾತಾಡಿಸದೆ ನೇರ ತಾತನ ಮಂಚದ ಬಳಿ ಕೂತು ಚೀಲ ಬಿಚ್ಚಿದರು. ರ್‍ಯಾಮ್ ಇಟ್ಟು ಕೊಡುತ್ತಾರಲ್ಲ, ಬೂದಿ ಬಣ್ಣದ ಪುಟ್ಟ ಪ್ಲಾಸ್ಟಿಕ್ ಕವರುಗಳು, ಅಂಥವು ಆರು. ಒಂದೊಂದರಲ್ಲೂ ನಾಲ್ಕೈದು ಮಾವಿನೆಲೆ. ಯಾರ ಹೊಲ, ಬಾವಿಯಿಂದ ಎಷ್ಟು ಹೆಜ್ಜೆ ಎಂದು ಕವರಿನ ಮೇಲೆ ಬರೆದಿತ್ತು. ಪೆದ್ದಪ್ಪ ಎಲ್ಲಿ ಕಡ್ಡಿ ಕಡಿಯುತ್ತಿದ್ದರು ಎಂದು ಊರೂರು ಕೇಳಿಕೊಂಡು ನಡೆದಿದ್ದರು.

ತಾತ ಎಲೆ ಕಿವುಚಿ ಮೂಗಿಗೆ ಹಿಡಿದ.

"ಏಮಿ ಸ್ವಾಮಿ, ಭಾರತಮ್ಮನ ಬಾವಿತಾವ್ಕೆ ಹೋಗಿದ್ರಾ? ಇದರ ಕಾಯಿ ಉಪ್ಪಲ್ಲಿ ಹಾಕಿದ್ರೆ ಎರಡು ವರ್ಷ ಮೆತ್ತಗಾಗಲ್ಲ."

ಮಾತಿನಲ್ಲಿ ಕೇಳಿದರೆ ಬಾರದ್ದು ವಾಸನೆಗೆ ಬಂದಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅತ್ತುಕೊಂಡೇ ಟೈಪ್ ಮಾಡಿದೆ.

ಆಮೇಲೆ ಒಂದು ಭಾನುವಾರವೂ ತಪ್ಪಲಿಲ್ಲ. ಸಂಜೆ ಹೊರಡುವ ಮುಂಚೆ ಪಟ್ಟಿಯನ್ನು ಎರಡು ಸಿಡಿಗೆ ಹಾಕುವರು, ಒಂದು ನನಗೆ, ಒಂದು ಅವರ ಅಂಗಡಿಗೆ. ಕೆಲವು ಮರಗಳನ್ನು ಕಡಿದುಹಾಕಿದ್ದರು, ಕೆಲವು ಎಲ್ಲಿವೆಯೆಂದೇ ತಿಳಿಯಲಿಲ್ಲ. ಹೊಸ ಡಿಸ್ಕಿನ ಹನ್ನೊಂದು ದಿನ ಯಾವಾಗಲೋ ಮುಗಿದಿತ್ತು. ತಾತನಿಗೆ ಉಳಿದಿದ್ದು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ನಲವತ್ತೊಂದನೇ ಮರದ ಹೆಸರು ಹೇಳಿದ ವಾರದಲ್ಲೇ, ಮಾಘ ಮಾಸದಲ್ಲಿ ಹೋಗಿಬಿಟ್ಟ.

ಸಂಕರ್ಷಣ ಅವರು ಈಗಲೂ ವಾರಂಟಿ ನೋಡಲು ಮನೆಮನೆಗೆ ಹೋಗುತ್ತಾರೆ. ಆದರೆ ಮೊದಲು ಕೇಳುವುದು, ಒಳಗೇನಿಟ್ಟಿದ್ದೀರಿ ಎಂದು. ಒಂದು ಶಾಲೆಯ ಡಿಸ್ಕಿನಿಂದ ಮಕ್ಕಳ ದಾಖಲೆ ತೆಗೆಯುತ್ತ ಕೂತು ಅದರ ವಾರಂಟಿ ದಾಟಿಸಿಬಿಟ್ಟರು. ಆ ಹೆಮ್ಮೆಯ ಮಾತು ಮತ್ತೆ ಅವರ ಬಾಯಲ್ಲಿ ಬಂದಿಲ್ಲ.

ತಾತ ಹೋದ ಮರುವರ್ಷ ಒಂದು ದಿನ ಬಂದು ಬಾಗಿಲಲ್ಲಿ ನಿಂತರು. ಕಂಪ್ಯೂಟರಿನ ಯಾವ ಭಾಗಕ್ಕೂ ಆಗ ವಾರಂಟಿ ಉಳಿದಿರಲಿಲ್ಲ.

"ಬರೋ ಗುರುವಾರ ತಾತನ ದಿನ ಕಣಮ್ಮ. ಮಾಘ ಬಹುಳ ತದಿಗೆ. ಜ್ಞಾಪಿಸಿ ಹೋಗೋಣಾಂತ ಬಂದೆ."

ನಮ್ಮ ಮನೆಯಲ್ಲಿ ಹೀಗೆ ತಿಥಿ ನೆನಪಿಟ್ಟುಕೊಳ್ಳುವವರಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆಲ್ಲ ಒಟ್ಟಿಗೆ ಎಡೆ ಇಡುತ್ತೇವೆ, ಅಷ್ಟೇ. ಅವರು ಪಂಚಾಂಗದಲ್ಲಿ ಬರೆದಿಟ್ಟುಕೊಂಡಿದ್ದರು.

ಕಾಫಿ ಕುಡಿದು ಏಳುವಾಗ ಚೀಲದಿಂದ ಬೂದಿ ಬಣ್ಣದ ಕವರೊಂದನ್ನು ತೆಗೆದು ನನ್ನ ಕೈಗಿಟ್ಟರು.

"ಇನ್ನೊಂದು ಮರ ಸಿಕ್ತು. ಮಾಸ್ತಿ ಕಡೆ."

ಎಲೆ ತೆಗೆದು ತಾತನ ಹಾಗೆಯೇ ಕಿವುಚಿದೆ, ಕಣ್ಣು ಮುಚ್ಚಿ ಮೂಸಿದೆ. ಸಂಕರ್ಷಣ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮಾವಿನೆಲೆಯ ವಾಸನೆ ಬಂತು. ಬೇರೇನೂ ತಿಳಿಯಲಿಲ್ಲ.